ಅಡ್ಡ ನಿಲ್ಬೇಡಿ

"ನಿನ್ನ ತಲೆಗೆ ಸೂಜಿ ಇಳಿಸೋ ದಿನ ಬಂದ್ರೆ ಕ್ಯಾಮೆರಾ ಹತ್ರ ನಾನೇ ಇರ್ತೀನಿ. ಬೇರೆಯವರ ಕೈಗೆ ನಿನ್ನ ಬಿಡಲ್ಲ" ಎಂದು ಅಕ್ಕ ವರ್ಷಗಳ ಹಿಂದೆ ತಮ್ಮನಿಗೆ ಮಾತು ಕೊಟ್ಟಿದ್ದಳು. ಆ ದಿನ ನಾಳೆ. ಅಕ್ಕ ಈಗ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಗಲ್ಲದವರೆಗೆ ಹೊದಿಕೆ ಹೊದ್ದು ಮಲಗಿದ್ದಳು. ಅಡುಗೆಮನೆಯಲ್ಲಿ ತಮ್ಮ, ಹೆಂಡತಿಯ ಕೈಯಿಂದ ಫೋನು ಕಿತ್ತುಕೊಳ್ಳುತ್ತಿದ್ದ.

"ಕೊಡು ಇಲ್ಲಿ. ಬರಲ್ಲ ಅಂತ ಆಸ್ಪತ್ರೆಗೆ ನಾನೇ ಹೇಳ್ತೀನಿ."

"ಮೆಲ್ಲಗೆ. ಹೊರಗೆ ಜನ ಇದಾರೆ."

"ಇರ್ಲಿ. ಅವಳಿಲ್ದೆ ನಾನು ಆ ಮೇಜಿನ ಮೇಲೆ ಮಲಗಲ್ಲ."

"ಮೊನ್ನೆ ಮಗಳ ಹೆಸರೇ ಬಾಯಿಗೆ ಬರ್ಲಿಲ್ಲ ನಿಮ್ಗೆ. ನಿಮ್ಮ ದುಃಖ ತೀರ್ಲಿ ಅಂತ ಗಡ್ಡೆ ಕಾಯ್ತಾ ಕೂರುತ್ತಾ?"

ಅವನು ಬಸ್ಸು ಓಡಿಸುತ್ತಿದ್ದವನು. ಮೊದಲ ಸಲ ಫಿಟ್ಸ್ ಬಂದ ಮೇಲೆ ಸ್ಟೇರಿಂಗ್ ಮುಟ್ಟಿಲ್ಲ, ಡಿಪೋದಲ್ಲಿ ಬೇರೆಯವರ ಬಸ್ಸು ತೊಳೆಸುತ್ತಾನೆ. ಮಿದುಳಿನ ಗಡ್ಡೆ ಚಿಕ್ಕದು, ಕಾದು ನೋಡೋಣ ಎಂದಿದ್ದ ಡಾಕ್ಟರೇ ಈಗ ಇನ್ನು ಕಾಯುವ ಹಾಗಿಲ್ಲ, ಸೂಜಿ ಇಳಿಸಿ ಗಡ್ಡೆಯ ಚೂರು ತೆಗೆದು ನೋಡಬೇಕು ಎಂದಿದ್ದರು. ಅಷ್ಟರಲ್ಲಿ ನಿನ್ನೆ ಬೆಳಿಗ್ಗೆ ಬಟ್ಟೆ ಒಣಹಾಕುತ್ತಿದ್ದ ಅಕ್ಕ ಎದೆ ಹಿಡಿದುಕೊಂಡು ಕುಸಿದಳು, ಮತ್ತೆ ಏಳಲಿಲ್ಲ.

ಮುಂದಿನ ಕೋಣೆಯಲ್ಲಿ ಭಾವ ಅವಳ ತಲೆಯ ಬಳಿ ಕುರ್ಚಿ ಎಳೆದುಕೊಂಡು ಕೂತಿದ್ದ. ಪಕ್ಕದ ಮನೆಯಾಕೆ ಹೇಳುತ್ತಿದ್ದಳು, "ಟಿವಿ ಮುಂದೆ ಯಾರಾದ್ರೂ ಹಾದ್ರೆ ಸಾಕು, ‘ಅಡ್ಡ ನಿಲ್ಬೇಡಿ’ ಅಂತ ಕೂಗ್ತಿದ್ಲು ಪುಣ್ಯಾತ್ಗಿತ್ತಿ."

"ದೊಡ್ಡ ಡಾಕ್ಟರಿಗೂ ಹಾಗೇ ಕೂಗೋಳು" ಎಂದಿತು ಬಾಗಿಲ ಬಳಿಯ ದನಿ. "ನೀವೇನು ಬೀರುನಾ ಸಾರ್? ಕ್ಯಾಮೆರಾಗೆ ಏನೂ ಕಾಣ್ತಿಲ್ಲ, ಆಚೆ ಸರೀರಿ ಅಂತ."

ಒಂದಿಬ್ಬರು ನಕ್ಕರು. ಭಾವನೂ ನಕ್ಕ, ನಗುತ್ತಲೇ ಮುಖಕ್ಕೆ ಟವೆಲ್ ಒತ್ತಿಕೊಂಡ.

ಬಾಗಿಲಲ್ಲಿ ನಿಂತವನು ಅಕ್ಕನ ಜೊತೆ ಆಪರೇಷನ್ ಕೋಣೆಯಲ್ಲಿ ಕ್ಯಾಮೆರಾ ನೋಡಿಕೊಳ್ಳುವವನು. ತಲೆಬಾಗಿಲಿಗೆ ತಲೆ ತಗುಲುವಷ್ಟು ಎತ್ತರ. ಅಕ್ಕ ಅವನನ್ನು ಕಂಬ ಎಂದೇ ಕರೆಯುತ್ತಿದ್ದಳು.

*

ಮೊದಲ ಫಿಟ್ಸ್ ಬಂದ ವಾರ ತಮ್ಮ ಸರಿಯಾಗಿ ಊಟ ಮಾಡಿರಲಿಲ್ಲ. ಅವನ ಹೆದರಿಕೆ ನೋಡಲಾರದೆ ಅಕ್ಕ ಒಂದು ರಜೆಯ ದಿನ ಅವನನ್ನು ಖಾಲಿ ಆಪರೇಷನ್ ಕೋಣೆಗೆ ಕರೆದೊಯ್ದಿದ್ದಳು. ಸ್ಟ್ಯಾಂಡಿನ ಮೇಲೆ ಎರಡು ಕಣ್ಣಿನ ಕ್ಯಾಮೆರಾ. ಮೇಜಿನ ಮೇಲೆ ಪ್ಲಾಸ್ಟಿಕ್ ತಲೆ. ಅವಳ ಕೈಯಲ್ಲೊಂದು ಉದ್ದ ಸೂಜಿ, ಅದರ ಹಿಡಿಗೆ ಬೂದುಬಣ್ಣದ ಗೋಲಿಗಳು.

"ಕ್ಯಾಮೆರಾ ನೋಡೋದು ಈ ಗೋಲಿನ ಮಾತ್ರ. ಗೋಲಿ ಎಲ್ಲಿದೆ ಅಂತ ಗೊತ್ತಾದ್ರೆ ಸೂಜಿ ಮೊನೆ ಎಲ್ಲಿದೆ ಅಂತ ಗೊತ್ತು. ಆದ್ರೆ ಸ್ಕ್ಯಾನ್ ಚಿತ್ರಕ್ಕೆ ಸೂಜಿ ಗೊತ್ತಿಲ್ಲ, ಸೂಜಿಗೆ ಚಿತ್ರ ಗೊತ್ತಿಲ್ಲ. ಇಬ್ಬರಿಗೂ ಪರಿಚಯ ಮಾಡಿಸೋದು ನನ್ನ ಕೆಲಸ."

"ಮದುವೆ ದಲ್ಲಾಳಿ ಅನ್ನು."

"ಹ್ಞೂಂ. ಆದ್ರೆ ಸುಳ್ಳು ಹೇಳಿ ಜೋಡಿ ಮಾಡಂಗಿಲ್ಲ."

ಅವಳು ಮೊನೆಯನ್ನು ಪ್ಲಾಸ್ಟಿಕ್ ತಲೆಯ ಕಣ್ಣಿನ ಅಂಚಿಗೆ ಮುಟ್ಟಿಸಿದಳು. ಆಮೇಲೆ ಮೂಗಿನ ಬುಡಕ್ಕೆ, ಇನ್ನೊಂದು ಕಣ್ಣಿನ ಅಂಚಿಗೆ, ಕಿವಿಯ ಮುಂದಕ್ಕೆ. ಅವಳು ಮುಟ್ಟಿದಲ್ಲೆಲ್ಲ ಪರದೆಯ ಚಿತ್ರದಲ್ಲೂ ಹಸಿರು ಚುಕ್ಕೆ ಬಂದು ಕೂತಿತು. ಕೊನೆಗೆ "ಸರಿ" ಎಂದಳು.

"ನಾನು ಸರಿ ಅನ್ನೋವರೆಗೂ ಯಾವ ಡಾಕ್ಟರೂ ಕೈ ಇಡಲ್ಲ" ಎಂದವಳು, ತಮ್ಮನ ಮುಖ ಇನ್ನೂ ಬಿಳಿಚಿಕೊಂಡಿದ್ದನ್ನು ನೋಡಿ ಆ ಮಾತು ಕೊಟ್ಟಳು.

*

ಹಿತ್ತಲಲ್ಲಿ ಅಕ್ಕ ಹಿಂಡಿಟ್ಟಿದ್ದ ಬಟ್ಟೆ ಬಕೆಟ್ಟಿನಲ್ಲೇ ಮುದ್ದೆಯಾಗಿ ಒಣಗಿತ್ತು. ಅದನ್ನು ಮುಟ್ಟಲು ಯಾರಿಗೂ ಮನಸ್ಸಾಗಿರಲಿಲ್ಲ. ತಮ್ಮ ಕಂಬನನ್ನು ಅಲ್ಲಿಗೆ ಕರೆದ.

"ನಾಳೆ ನಾನು ಬರಲ್ಲ ಅಂತ ಡಾಕ್ಟರಿಗೆ ಹೇಳ್ಬಿಡಪ್ಪ. ಅವಳ ಕೈ ಇದೆ ಅಂತ ಒಪ್ಕೊಂಡಿದ್ದೆ. ಅದೇ ಇಲ್ಲ ಈಗ."

ಕಂಬ ಬಕೆಟ್ಟನ್ನೇ ನೋಡುತ್ತಾ ನಿಂತ. "ಅವಳು ಬದುಕಿದ್ದಿದ್ರೂ ನಾಳೆ ಕ್ಯಾಮೆರಾ ಹತ್ರ ಇರ್ತಿರ್ಲಿಲ್ಲ."

"ಏನಂದೆ?"

"ಹೇಳ್ಬೇಡ ಅಂದಿದ್ಲು. ಆದ್ರೆ ನೀನು ಹೀಗೆ ಮನೇಲಿ ಕೂತ್ರೆ ನಾನು ಸುಮ್ಮನಿರೋದು ಹೇಗೆ?"

*

ತಮ್ಮನ ಹೊಸ ಸ್ಕ್ಯಾನ್ ನೋಡಿದ ಮರುದಿನ ಅಕ್ಕ ಬೇರೊಬ್ಬ ರೋಗಿಯ ತಲೆಗೂ ಸ್ಕ್ಯಾನ್ ಚಿತ್ರಕ್ಕೂ ಹೊಂದಿಕೆ ಮಾಡಲು ನಿಂತಿದ್ದಳು. ಮೂಗಿನ ಬುಡಕ್ಕೆ ಮೊನೆ ಮುಟ್ಟಿಸಿದಳು. ಚುಕ್ಕೆ ಸರಿಯಾದ ಜಾಗದಲ್ಲೇ ಇತ್ತು. ಮತ್ತೆ ಮುಟ್ಟಿಸಿದಳು. ಗೋಲಿಗಳನ್ನು ಬಿಚ್ಚಿ ಹೊಸವನ್ನು ಸಿಕ್ಕಿಸಿ ಮತ್ತೆ ಮುಟ್ಟಿಸಿದಳು. ಕೈಗವಸು ತೊಟ್ಟ ಡಾಕ್ಟರು ಕಾಯುತ್ತಿದ್ದರು. "ಸರಿ" ಎಂಬ ಮಾತು ಅವಳ ಬಾಯಿಂದ ಹೊರಡಲಿಲ್ಲ. ಕಡೆಗೆ ಕಂಬನೇ ಬಂದು ನೋಡಿ ಹೇಳಬೇಕಾಯಿತು.

ಹೊರಗೆ ಕೈ ತೊಳೆಯುವ ತೊಟ್ಟಿಯ ಬಳಿ ಅಕ್ಕ ಅಂದಳು, "ನನ್ನ ತಮ್ಮನ ದಿನ ನೀನು ನಿಲ್ಲು."

"ಮಾತು ಕೊಟ್ಟಿದ್ದೀಯಲ್ಲೇ."

"ಕೊಟ್ಟಿದ್ದೀನಿ. ಯಾರ ಮೂಗು ಮುಟ್ಟಿದ್ರೂ ಅವನ ಮೂಗೇ ಕಾಣುತ್ತೆ ಕಣೋ. ಚುಕ್ಕೆ ಕಾಣಲ್ಲ. ಅವನಿಗೆ ನಿದ್ದೆ ಬರೋವರೆಗೂ ಪಕ್ಕದಲ್ಲಿರ್ತೀನಿ. ಆಮೇಲೆ ನಾನು ಆಚೆ, ನೀನು ಒಳಗೆ. ಅವನಿಗೆ ಗೊತ್ತಾಗಬಾರ್ದು."

*

"ಅಂದ್ರೆ ನನ್ನ ಮಲಗಿಸಿ ಮೋಸ ಮಾಡ್ತಿದ್ಲು" ಎಂದ ತಮ್ಮ.

"ಮೋಸಾನೇ."

"ಹೋದ ಭಾನುವಾರ ಮನೆಗೆ ಬಂದಿದ್ಲು. ನಾನಿದ್ದೀನಲ್ಲ ಅಂತ ಕೈ ಹಿಡ್ಕೊಂಡ್ಲು." ಅವನು ಬಕೆಟ್ಟನ್ನು ಒದ್ದ. ಅದು ಉರುಳಿ, ಸೆಟೆದ ಬಟ್ಟೆಗಳು ನೆಲಕ್ಕೆ ಬಿದ್ದವು. ಆಮೇಲೆ ತಾನೇ ಬಗ್ಗಿ ಒಂದೊಂದಾಗಿ ಕೊಡವಿ ಹಗ್ಗಕ್ಕೆ ಹಾಕತೊಡಗಿದ. ಕಂಬ ಕ್ಲಿಪ್ಪು ಕೊಟ್ಟ.

"ನೀನು ಹೊಂದಿಸ್ತೀಯಾ?"

"ಪ್ರಯತ್ನ ಮಾಡ್ತೀನಿ. ಹೊಂದಿಲ್ಲ ಅಂದ್ರೆ ಹೊಂದಿಲ್ಲ ಅಂತೀನಿ, ಯಾರು ಬೈದ್ರೂ."

"ನನ್ನ ಕಂಡ್ರೆ ನಿಂಗೆ ಅಳು ಬರುತ್ತಾ?"

"ನಿನ್ನ ಕಂಡ್ರೆ ಯಾಕಪ್ಪ ಅಳು? ನೀನು ನನಗೇನಾಗ್ಬೇಕು?"

ತಮ್ಮ ಮೂಗಿನಲ್ಲೇ ನಕ್ಕ.

ಸ್ಮಶಾನಕ್ಕೆ ಒಯ್ಯುವ ವ್ಯಾನು ಬಂದು ಹಾರ್ನ್ ಮಾಡಿತು. ಮುಂದಿನ ಕೋಣೆಯಲ್ಲಿ ಎಲ್ಲರೂ ಎದ್ದರು. ತಮ್ಮ ಅಕ್ಕನ ಬಳಿ ಮೊಣಕಾಲೂರಿ ಕೂತು ತೋರುಬೆರಳಿನ ತುದಿಯನ್ನು ಅವಳ ಕಣ್ಣಿನ ಅಂಚಿಗೆ ಮುಟ್ಟಿಸಿದ. ಆಮೇಲೆ ಮೂಗಿನ ಬುಡಕ್ಕೆ. ಇನ್ನೊಂದು ಕಣ್ಣಿನ ಅಂಚಿಗೆ. ಕಿವಿಯ ಮುಂದಕ್ಕೆ. ಏನು ಮಾಡುತ್ತಿದ್ದಾನೆಂದು ತಿಳಿಯದೆ ಪಕ್ಕದ ಮನೆಯಾಕೆ ಬಗ್ಗಿದಳು.

"ಅಡ್ಡ ನಿಲ್ಬೇಡಿ" ಎಂದ ಬಾಗಿಲಲ್ಲಿದ್ದ ಕಂಬ.

ತಮ್ಮ ಅವಳ ಮೂಗಿನ ಬುಡವನ್ನು ಇನ್ನೊಮ್ಮೆ ಮುಟ್ಟಿದ. ಬೆರಳು ಅಲ್ಲೇ ನಿಂತಿತು. ಭಾವ ಭುಜ ಹಿಡಿದು ಎಬ್ಬಿಸುವವರೆಗೂ ಅವನು ಸರಿ ಎನ್ನಲಿಲ್ಲ.

ಮರುದಿನ ಬೆಳಿಗ್ಗೆ ಅವನ ತಲೆಯ ಬಳಿ ಸೂಜಿ ಹಿಡಿದು ನಿಂತದ್ದು ಕಂಬ. ಅಕ್ಕ ಕೊಟ್ಟ ಮಾತು ನಡೆಯಲಿಲ್ಲ.