ನೇರ

ತಿರುಮಲೇಶ ಭಾವನ ಚಟ್ಟದ ಹಗ್ಗ ಎಳೆದು ಬಿಗಿಯುತ್ತಿದ್ದಾಗ ಅಕ್ಕ ಪಂಕಜಾ ಬಾಗಿಲಿಗೆ ಬಂದು ನಿಂತಳು. ಅತ್ತು ಅತ್ತು ಅವಳ ದನಿ ಒಡೆದಿತ್ತು.

“ಬೆಂಕಿ ಮಡಕೆ ನೀನೇ ಹಿಡಿಯೋ. ನಮಗಂತೂ ಮಕ್ಕಳಿಲ್ಲ. ಮೈಸೂರಿಂದ ಅವರ ಕಡೆಯವರು ಯಾರೂ ಇವತ್ತು ಬಂದು ಸೇರೋಕಾಗಲ್ಲ.”

“ಬೇರೆ ಯಾರಾದ್ರೂ…”

“ನಿಮ್ಮ ಭಾವನ ಮೇಲಿನ ಸಿಟ್ಟಿಗೆ ಐದು ವರ್ಷ ಈ ಮನೆ ಮೆಟ್ಟಿಲು ಹತ್ತಲಿಲ್ಲ. ನಾನೇನಾದ್ರೂ ಕೇಳಿದ್ನಾ? ಇವತ್ತು ಕೇಳ್ತಿದೀನಿ.”

ತಿರುಮಲೇಶ ಶರಟು ಬಿಚ್ಚಿ ಗೂಟಕ್ಕೆ ಹಾಕಿದ. ಪಕ್ಕದ ಗೂಟದಲ್ಲಿ ಭಾವನ ಖಾಕಿ ಶರಟು ತೂಗುತ್ತಿತ್ತು.

*

ಐದು ವರ್ಷದ ಹಿಂದೆ ಜುಹು ವಿಮಾನ ಮೈದಾನದಲ್ಲಿ ಭಾವ ಸತ್ಯಮೂರ್ತಿ, ವಾಯುಪಡೆ ಸೇರಬಯಸುವ ಕೆಡೆಟ್‌ಗಳಿಗೆ ಹಾರಾಟ ಕಲಿಸುತ್ತಿದ್ದರು. ಮುಂದಿನ ಸೀಟಿನಲ್ಲಿ ಅವರು, ಹಿಂದೆ ತಿರುಮಲೇಶ. ವಿಮಾನ ನೆಲ ಬಿಟ್ಟು ಇನ್ನೂ ಮೇಲೇರುತ್ತಿರುವಾಗಲೇ ಹೇಳದೆ ಕೇಳದೆ ಇಂಜಿನ್ ಅಡಗಿಸಿಬಿಡುತ್ತಿದ್ದರು. ಇಂಜಿನ್ ನಿಂತರೆ ಎದುರಿನ ಮರಳಿನಲ್ಲೇ ನೇರವಾಗಿ ಇಳಿಸಬೇಕು. ಮೈದಾನಕ್ಕೆ ಮರಳುವ ಆಸೆಯಿಂದ ತಿರುಗಿಸಿದರೆ ವಿಮಾನ ವಾಲಿ ನೆಲಕ್ಕೆ ಬಡಿಯುತ್ತದೆ. ತಿರುಮಲೇಶನಿಗೆ ಇದು ಬಾಯಿಪಾಠವಾಗಿತ್ತು. ಆದರೂ ಆ ನಿಶ್ಶಬ್ದ ಕವಿದೊಡನೆ ಅವನ ಕತ್ತು ಹಿಂದಕ್ಕೆ ಹೊರಳುತ್ತಿತ್ತು. ಕತ್ತಿನ ಜೊತೆಗೇ ಕೈ. ಮುಂದಿನ ಸೀಟಿನಿಂದ ಭಾವನ ತೋಳು ಮೇಲೆದ್ದು ಎದುರಿಗೆ ಚಾಚುತ್ತಿತ್ತು.

“ನೇರ!”

ಅವನು ಒಬ್ಬನೇ ಹಾರಬೇಕಾಗಿದ್ದ ದಿನ ಅಕ್ಕ ಮೈಸೂರುಪಾಕು ಮಾಡಿಕೊಂಡು ಮೈದಾನಕ್ಕೆ ಬಂದಿದ್ದಳು. ಭಾವ ಕೆಳಗಿಳಿದು, ಖಾಲಿಯಾದ ಮುಂದಿನ ಸೀಟಿನ ಪಟ್ಟಿಗಳನ್ನು ಅಲ್ಲಾಡದಂತೆ ಕಟ್ಟತೊಡಗಿದವರು ಅರ್ಧಕ್ಕೇ ಕೈಬಿಟ್ಟರು.

“ಇಳಿ.”

“ಯಾಕೆ ಭಾವ?”

“ನೀನು ತಿರುಗ್ತೀಯ.”

“ಇನ್ನು ಮೇಲೆ ತಿರುಗಲ್ಲ.”

“ತಿರುಗ್ತೀಯ ಕಣೋ.”

ಅಷ್ಟೇ. ವಾಯುಪಡೆಗೆ ಹೋದ ಹೆಸರುಗಳಲ್ಲಿ ಅವನದಿರಲಿಲ್ಲ. ವಯಸ್ಸು ಮೀರಿತು. ಬಾಂದ್ರಾದ ಒಂದು ಆಫೀಸಿನಲ್ಲಿ ಗುಮಾಸ್ತನಾದ. ಭಾವ ಹೊಟ್ಟೆಕಿಚ್ಚಿಗೆ ತಡೆದರು ಎಂದು ನಂಬಿದ. ಹಾಗೆ ನಂಬುವುದು ಸುಲಭವಾಗಿತ್ತು.

*

ಸಾಂತಾಕ್ರೂಜಿನ ರಸ್ತೆಯಲ್ಲಿ ಬೆಂಕಿಯ ಮಡಕೆ ಹಿಡಿದು ಅವನು ಮುಂದೆ ನಡೆಯುತ್ತಿದ್ದ. ಹಿಂದೆ ಕೆಡೆಟ್‌ಗಳು ಚಟ್ಟಕ್ಕೆ ಹೆಗಲು ಕೊಟ್ಟಿದ್ದರು. ಅವರಲ್ಲೊಬ್ಬ ಉಡುಪಿ ಹೋಟೆಲಿನವರ ಮಗ ಅಣ್ಣು. ಅವನು ಪಕ್ಕದವನಿಗೆ ಹೇಳುತ್ತಿದ್ದ:

“ನನ್ನನ್ನು ಒಬ್ಬನೇ ಹಾರಲು ಬಿಡದೆ ಎಷ್ಟು ತಿಂಗಳು ಕೊಳೆಸಿದ್ರು ಮಾರಾಯ! ಅಪ್ಪನದ್ದು ಒಂದೇ ರಾಗ, ಪ್ಲೇನ್ ಸಾಕು, ಬಂದು ಹೋಟೆಲಿನ ಗಲ್ಲಾದಲ್ಲಿ ಕೂತ್ಕೋ ಅಂತ. ಕಡೆಗೆ ಸರ್ ಹತ್ರವೇ ಜಗಳ ಮಾಡಿದೆ. ಏನು ಹೇಳಿದ್ರು ಗೊತ್ತುಂಟಾ? ‘ನನ್ನ ಹೆಂಡತಿ ತಮ್ಮ ನಿನಗಿಂತ ಚೆನ್ನಾಗಿ ಹಾರಿಸ್ತಿದ್ದ. ಅವನನ್ನೇ ಬಿಡಲಿಲ್ಲ, ನೀನ್ಯಾವ ಲೆಕ್ಕ?’”

“ಆಮೇಲೆ?” ತಿರುಮಲೇಶ ಕೇಳಿದ. ಅವನು ಯಾರೆಂದು ಅಣ್ಣುವಿಗೆ ಗೊತ್ತಿರಲಿಲ್ಲ.

“ಆ ತಮ್ಮ ಮಾತು ಬಿಟ್ಟನಂತೆ. ಸರ್ ಹೇಳ್ತಿದ್ರು, ‘ಬಿಡಲಿ. ದಿನಾ ಲೋಕಲ್ ರೈಲು ಹತ್ತೋದನ್ನ ದೂರದಿಂದ ನೋಡ್ತೀನಿ. ಹತ್ತಿದನಾ, ಸಾಕು.’”

ತಿರುಮಲೇಶ ಮಡಕೆಯ ಹಗ್ಗವನ್ನು ಇನ್ನೊಂದು ಕೈಗೆ ಬದಲಿಸಿದ. ಹೊಗೆ ಕಣ್ಣಿಗೆ ಬರುತ್ತಿತ್ತು.

*

ಸ್ಮಶಾನ ಸಮುದ್ರದ ದಡದಲ್ಲಿತ್ತು. ನೀರು ತುಂಬಿದ ಮಡಕೆ ಹೆಗಲಿಗೇರಿಸಿ ಚಿತೆ ಸುತ್ತಿ ಬಂದ. ಮಡಕೆಯನ್ನು ಬೆನ್ನ ಹಿಂದೆ ಕೆಡವಿ, ಹಾಗೇ ಹಿಂಗೈಯಲ್ಲಿ ಕೊಳ್ಳಿಯಿಟ್ಟ.

“ಇನ್ನು ನೇರ ಹೋಗಿ,” ಎಂದರು ಪುರೋಹಿತರು. “ತಿರುಗಿ ನೋಡಕೂಡದು.”

ನಾಲ್ಕು ಹೆಜ್ಜೆ ಇಟ್ಟ. ಹಿಂದೆ ಮಂತ್ರ ನಿಂತಿತು, ಮಾತೂ ನಿಂತಿತು. ಆ ನಿಶ್ಶಬ್ದದಲ್ಲಿ ಅವನಿಗೆ ತಿಳಿಯುವ ಮೊದಲೇ ಕತ್ತು ಹೊರಳಿಬಿಟ್ಟಿತ್ತು.

“ಅಯ್ಯೋ, ತಿರುಗಿಬಿಟ್ಟರಲ್ಲ!”

ಕಟ್ಟಿಗೆಯ ಸಂದಿಯಿಂದ ಹೊಗೆ ಏಳುತ್ತಿತ್ತು.

ತಿರುಮಲೇಶ ಮುಖವನ್ನು ಮೆಲ್ಲನೆ ಎದುರಿಗೆ ತಂದ. ಇಳಿತದಲ್ಲಿ ಸಮುದ್ರ ದೂರ ಸರಿದಿತ್ತು. ಒದ್ದೆ ಮರಳು ಒಂದು ವಿಮಾನ ಇಳಿಸುವಷ್ಟು ಅಗಲಕ್ಕೆ ಖಾಲಿ ಬಿದ್ದಿತ್ತು.