ಕೆರೆದು ಹಾಕಿದ ಮೂರು ಅಂಕಿ

ಬ್ಯಾಂಕಿನವರು ಕಾರ್ಡ್ ಕೊಟ್ಟ ದಿನವೇ ಟೈಲರಕ್ಕ ಅದರ ಹಿಂಬದಿಯ ಮೂರು ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡು, ಹೊಲಿಗೆ ಬಿಚ್ಚುವ ಬ್ಲೇಡಿನಿಂದ ಕೆರೆದು ಹಾಕಿದ್ದಳು. ಬೀದಿಯ ಹೆಂಗಸರೆಲ್ಲರ ಅಳತೆ ತಲೆಯಲ್ಲಿಟ್ಟುಕೊಂಡವಳಿಗೆ ಮೂರು ಅಂಕಿ ಯಾವ ಲೆಕ್ಕ? ಕಾರ್ಡ್ ಕದ್ದವನು ಬೆಪ್ಪನ ಹಾಗೆ ಅದನ್ನು ತಿರುಗಿಸಿ ಮುರುಗಿಸಿ ನೋಡಬೇಕು ಎಂದು ನಗುತ್ತಿದ್ದಳು. ಜೊತೆಗಿದ್ದ ತಮ್ಮನ ಕಿವಿಗೆ ಮಾತ್ರ ಆ ಅಂಕಿ ಹಾಕಿದ್ದಳು. ನಾಳೆ ತಾನು ಆಸ್ಪತ್ರೆ ಸೇರಿದರೆ ಓಡಾಡುವವನು ಅವನೇ ತಾನೆ? ಅಮ್ಮ ಹೋದಮೇಲೆ ಅವನನ್ನು ಎತ್ತಿ ಆಡಿಸಿದವಳೂ ಅವಳೇ, ಓದಿಸಿದವಳೂ ಅವಳೇ.

ಈಗ ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮೆಷಿನ್‌ಗೆಂದು ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟದ್ದೆಲ್ಲ ಗುಳುಂ ಆಗಿತ್ತು. ಯಾರೋ ಅವಳ ಕಾರ್ಡಿನಿಂದ, ಒಟಿಪಿ ಕೇಳದ ವಿದೇಶಿ ಆನ್‌ಲೈನ್ ಅಂಗಡಿಯಲ್ಲಿ ದುಬಾರಿ ಫೋನ್ ಕೊಂಡಿದ್ದರು. ಅವಳನ್ನು ಬ್ಯಾಂಕಿಗೆ ಕರೆದುಕೊಂಡು ಬಂದವನು ತಮ್ಮನೇ. ಬಂದವನೇ ಕೌಂಟರಿನ ಮೇಡಂ ಮೇಲೆ ಹರಿಹಾಯ್ದ. ತನ್ನ ಪರವಾಗಿ ಹೀಗೆ ಜಗಳಕ್ಕೆ ನಿಲ್ಲುವವನು ಒಬ್ಬನಿದ್ದಾನಲ್ಲ ಎಂದು ಅಕ್ಕನಿಗೆ ಆ ಸಂಕಟದಲ್ಲೂ ಹೆಮ್ಮೆಯಾಯಿತು.

ಮೇಡಂ ಸಾವಧಾನವಾಗಿ ಬಿಡಿಸಿ ಹೇಳಿದರು. ಕಾರ್ಡಿನ ಮುಂದಿರುವ ಉದ್ದ ನಂಬರ್ ಎಲ್ಲಿಂದ ಬೇಕಾದರೂ ಸೋರಿಹೋಗಬಹುದು. ಆನ್‌ಲೈನ್‌ನಲ್ಲಿ ಕೊಳ್ಳಲು ಬೇಕೇ ಬೇಕಾದ ಹಿಂದಿನ ಮೂರು ಅಂಕಿ ಹಾಗಲ್ಲ. ಅಂಗಡಿಯ ಮೆಷಿನ್‌ನಲ್ಲಿ ಕಾರ್ಡ್ ಉಜ್ಜಿದರೆ ಅದು ಸಿಗುವುದಿಲ್ಲ, ಅದನ್ನು ಬರೆದಿಟ್ಟುಕೊಳ್ಳುವ ಹಕ್ಕು ಅಂಗಡಿಯವರಿಗೂ ಇಲ್ಲ. ಊಹೆ ಮಾಡಿ ಹಾಕಿದ್ದರೆ ಒಂದೆರಡು ಸಲವಾದರೂ ತಪ್ಪುತ್ತಿತ್ತು, ಇಲ್ಲಿ ಮೊದಲ ಸಲಕ್ಕೇ ಸರಿಯಾಗಿದೆ. ಅವಳು ಮೊದಲು ಆನ್‌ಲೈನ್‌ನಲ್ಲಿ ಏನಾದರೂ ಕೊಂಡದ್ದುಂಟೇ ಎಂದು ಕೇಳಿದರು. ಟೈಲರಕ್ಕನಿಗೆ ಅದರ ಗಂಧಗಾಳಿಯೂ ಗೊತ್ತಿರಲಿಲ್ಲ. ಮೇಡಂ ಕಾರ್ಡನ್ನು ಮಗುಚಿ, ಕೆರೆದ ಜಾಗದ ಮೇಲೆ ಬೆರಳಾಡಿಸಿದರು.

"ಅಂಕಿ ಇಲ್ಲೂ ಇಲ್ವಲ್ಲಮ್ಮ. ನಿಮ್ಮನ್ನ ಬಿಟ್ರೆ ಇನ್ಯಾರಿಗೆ ಗೊತ್ತು? ಹೆಸರು ಹೇಳಿದ್ರೆ ಪೊಲೀಸರಿಗೆ ಕಳಿಸ್ತೀವಿ, ದುಡ್ಡು ವಾಪಸ್ ಬರೋ ದಾರಿ ಇದೆ."

ಅಲ್ಲಿಯವರೆಗೆ ಗಂಟಲು ಹರಿಯುವಂತೆ ಕೂಗುತ್ತಿದ್ದ ತಮ್ಮ ಮುಖ ತಿರುಗಿಸಿ ಗೋಡೆಯ ಗಡಿಯಾರ ನೋಡತೊಡಗಿದ.

ಟೈಲರಕ್ಕ ಕಾರ್ಡಿನ ಕೆರೆದ ಜಾಗವನ್ನೇ ನೋಡಿದಳು. ತಾನು ಹಾಕಿದ ಬಂದೋಬಸ್ತು ಎಷ್ಟು ಗಟ್ಟಿಯಾಗಿತ್ತೆಂದರೆ, ಹೊರಗಿನ ಯಾವ ಕಳ್ಳನ ಮೇಲಾದರೂ ಅನುಮಾನಪಡುವ ಭಾಗ್ಯವನ್ನೂ ಅದು ಅವಳಿಗೆ ಉಳಿಸಿರಲಿಲ್ಲ.

"ಯಾರಿಗೂ ಗೊತ್ತಿಲ್ಲ," ಅಂದಳು.

ಹಾಗಾದರೆ ನೀವೇ ಕೊಂಡಂತೆ ಲೆಕ್ಕ, ಬ್ಯಾಂಕಿನಿಂದ ಏನೂ ಸಿಗುವುದಿಲ್ಲ ಎಂದರು ಮೇಡಂ. ಕಾರ್ಡನ್ನು ಕತ್ತರಿಸಿ ಬುಟ್ಟಿಗೆ ಹಾಕಿದರು. ಹೊಸದು ಮನೆಗೇ ಬರುತ್ತದಂತೆ.

ಮೆಟ್ಟಿಲು ಇಳಿಯುವಾಗ ತಮ್ಮನಿಗೆ ಮತ್ತೆ ಮಾತು ಬಂತು. ಬ್ಯಾಂಕಿನವರೇ ಕಳ್ಳರು, ಹೋಗಿದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡ ಎಂದ. ಅವಳ ಕೈಚೀಲವನ್ನು ತಾನೇ ತೆಗೆದುಕೊಂಡ.

"ಹೊಸ ಕಾರ್ಡ್ ಬಂದಾಗ ಆ ನಂಬರ್ ನಂಗೊಂದ್ಸಲ ಹೇಳಿರಕ್ಕ."

"ಹೇಳಲ್ಲ ಕಣೋ."

ಯಾಕೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಅವಳಿಗೆ ಇವನಲ್ಲವೇನೋ ಎಂಬ ಒಂದು ಚೂರು ಅನುಮಾನವಾದರೂ ಉಳಿಯುತ್ತಿತ್ತು.