ಅಚ್ಚು ತೆಗೆಯಲಿಕ್ಕಿಲ್ಲ

ಕೃಷ್ಣಾನಂದರ ಕೈಗೆ ಇದ್ದ ಜಾಣತನದಲ್ಲಿ ಕಾಲುಪಾಲು ಅವರ ಬಾಯಿಗೆ ಇದ್ದಿದ್ದರೆ ಈ ಕತೆ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ. ಕಾಸರಗೋಡಿನಿಂದ ಇಪ್ಪತ್ತೆರಡನೇ ವಯಸ್ಸಿಗೆ ತಿರುವನಂತಪುರಕ್ಕೆ ಬಂದು, ಸರಕಾರಿ ಕಚೇರಿಯಲ್ಲಿ ಡ್ರಾಫ್ಟ್ಸ್‌ಮನ್ ಆಗಿ ಮೂವತ್ತು ಚಿಲ್ಲರೆ ವರ್ಷ ಸೇತುವೆ, ಮೋರಿಗಳ ನಕ್ಷೆ ಬರೆದು ನಿವೃತ್ತರಾದ ಮನುಷ್ಯ. ಕಚೇರಿಯಲ್ಲಿ ಇಡೀ ದಿನಕ್ಕೆ ಅವರು ಆಡುತ್ತಿದ್ದ ಮಾತನ್ನು ಒಂದು ಪೋಸ್ಟ್ ಕಾರ್ಡಿನಲ್ಲಿ ಬರೆದು ಮುಗಿಸಬಹುದಿತ್ತು. ಮಾತಾಡದವರನ್ನು ಜನ ಸಜ್ಜನರು ಎಂದುಕೊಳ್ಳುತ್ತಾರೆ. ನನಗೇನೋ ಅಂಥವರನ್ನು ಕಂಡರೆ ಮೈ ಉರಿಯುತ್ತದೆ.

ಎಪ್ಪತ್ತರ ದಶಕದಲ್ಲಿ ಸಂಜೆ ಐದಾದರೆ ಅವರು ಮನೆಗೆ ಹೋಗುವ ಬದಲು ಚಾಲೈ ಪೇಟೆಯ ಹಿಂದಿನ ಓಣಿಗೆ ಹೋಗುತ್ತಿದ್ದರು. ಅಲ್ಲಿ ಒಂದು ಆಟಿಕೆ ಕಾರ್ಖಾನೆ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಎರಡು ಯಂತ್ರ, ಬಿಸಿ ಪ್ಲಾಸ್ಟಿಕ್ಕಿನ ವಾಸನೆ, ಆರು ಜನ. ಆ ಕಾರ್ಖಾನೆಗಾಗಿ ಕೃಷ್ಣಾನಂದರು ಒಂದು ಕಾರು ಮಾಡಿದರು. ಓಡಿಸುವ ಆಟಿಕೆಯಲ್ಲ, ಜೋಡಿಸುವ ಕಾರು. ಪೆಟ್ಟಿಗೆ ತೆರೆದರೆ ನಲವತ್ತೊಂದು ತುಂಡು. ಬಾಗಿಲು, ಬಾನೆಟ್ಟು, ಸ್ಟಿಯರಿಂಗು, ಅಂಗಿ ಗುಂಡಿಯಷ್ಟು ದೊಡ್ಡ ದೀಪಗಳು. ಅಂಟು ಹಚ್ಚಿ ಕೂರಿಸಿದರೆ ದುಂಡು ಮೂತಿಯ ಕಾರು ಅಂಗೈ ಮೇಲೆ ನಿಲ್ಲುತ್ತಿತ್ತು. ‘ಸಂಚಾರಿ’ ಎಂದು ಹೆಸರು. ನಕ್ಷೆಯೂ ಅವರದೇ, ಉಕ್ಕಿನ ಅಚ್ಚಿನಲ್ಲಿ ಕೊನೆಯ ಸೂಕ್ಷ್ಮ ಕೆತ್ತನೆಯೂ ಅವರದೇ. ಮೂರು ವರ್ಷ ಚೆನ್ನಾಗಿ ಮಾರಾಟವಾಯಿತು, ಆಮೇಲೆ ಕಾರ್ಖಾನೆ ಮುಚ್ಚಿತು, ಅಚ್ಚುಗಳು ಗೋದಾಮಿನ ಮೂಲೆ ಸೇರಿದವು.

ಎರಡು ಸಾವಿರದ ಏಳನೇ ಇಸವಿಯಲ್ಲಿ ಅಭಿರಾಮ ಎಂಬ ಒಬ್ಬ ಅವರನ್ನು ಹುಡುಕಿಕೊಂಡು ಬಂದ. ಕೊಚ್ಚಿಯ ಎಡಪ್ಪಳ್ಳಿಯಲ್ಲಿ ಕಾರ್ಖಾನೆ ಇಟ್ಟವನು, ಮೂವತ್ತೈದರ ಹರೆಯ, ಮಾತಿಗೊಮ್ಮೆ ‘ಸಾರ್’. ಹಳೇ ಕಾರಿನ ಕಿಟ್ಟುಗಳಿಗೆ ಈಗ ಹುಚ್ಚು ಹಿಡಿದಂತೆ ಗಿರಾಕಿಗಳಿದ್ದಾರೆ, ಚಿಕ್ಕಂದಿನಲ್ಲಿ ಅಂಟು ಮೆತ್ತಿಕೊಂಡವರು ಈಗ ಸಂಬಳದವರಾಗಿದ್ದಾರೆ, ಇಂಟರ್‌ನೆಟ್ಟಿನಲ್ಲಿ ಖಾಲಿ ಪೆಟ್ಟಿಗೆಗೂ ಜಗಳವಾಡುತ್ತಾರೆ ಎಂದ. ಗೋದಾಮಿನ ಅಚ್ಚುಗಳನ್ನು ಅವನು ಆಗಲೇ ಕೊಂಡುಕೊಂಡಿದ್ದ. ವಿನ್ಯಾಸದ ಹಕ್ಕು ಮಾತ್ರ, ಹಳೆಯ ಒಂದು ಕಾಗದದ ಪ್ರಕಾರ, ಕೃಷ್ಣಾನಂದರ ಬಳಿ ಉಳಿದಿತ್ತು. ಅದೇ ಪೆಟ್ಟಿಗೆ, ಅದೇ ಚಿತ್ರ, ಅದೇ ನಲವತ್ತೊಂದು ತುಂಡಿನಲ್ಲಿ ‘ಸಂಚಾರಿ’ಯನ್ನು ಮತ್ತೆ ಹೊರತರುತ್ತೇನೆ, ಸಹಿ ಮಾಡಿ ಎಂದು ಕೇಳಿದ.

ಕೃಷ್ಣಾನಂದರು ಆಗಲಿ ಎಂದರು. ಆ ಒಂದು ಮಾತಿನ ಹಿಂದೆ ಏನಿತ್ತು ಎಂಬುದು ಅಭಿರಾಮನಿಗೆ ತಿಳಿಯುವುದಾದರೂ ಹೇಗೆ?

ಆ ಅಚ್ಚಿನೊಳಗೆ ಅವರ ಮಗಳ ಹೆಸರಿತ್ತು.

ಮಗ ಅಜಿತನಿಗಿಂತ ಮೊದಲು ಅವರಿಗೊಂದು ಹೆಣ್ಣುಮಗು ಹುಟ್ಟಿತ್ತು. ಅಶ್ವಿನಿ ನಕ್ಷತ್ರ, ಅಶ್ವಿನಿ ಎಂದೇ ಹೆಸರು. ಪಕ್ಕದ ಮನೆಯ ಮಲಯಾಳಿ ಹೆಂಗಸರ ಬಾಯಲ್ಲಿ ಅದು ಅಶ್ವತಿ ಆಗಿ, ಒಂದು ವರ್ಷ ತುಂಬುವುದರೊಳಗೆ ಅಚ್ಚು ಆಯಿತು. ಆಮೇಲೆ ಮನೆಯಲ್ಲೂ ಅಚ್ಚುವೇ. ಅಪ್ಪ ಅಚ್ಚು ಕೆತ್ತುವವರು, ಮಗಳೂ ಅಚ್ಚು, ಇದೆಂಥ ತಮಾಷೆ ಎಂದು ಹೆಂಡತಿ ಸುಮಿತ್ರ ನಗುತ್ತಿದ್ದರು. ಆಗೆಲ್ಲ ಅವರು ತುಂಬ ನಗುತ್ತಿದ್ದರು.

ಮಗುವಿಗೆ ನಾಲ್ಕು ವರ್ಷ. ‘ಅ’ ಬರೆಯಲು ಆಗ ತಾನೇ ಕಲಿತಿತ್ತು. ಒಂದು ಭಾನುವಾರ ಕೃಷ್ಣಾನಂದರು ಅವಳನ್ನು ಚಾಲೈಗೆ ಕರೆದುಕೊಂಡು ಹೋಗಿ, ಕಾರಿನ ತಳದ ತುಂಡು ಬರುವ ಜಾಗದಲ್ಲಿ, ಮುಂದಿನ ಎರಡು ಚಕ್ರಗಳ ನಡುವೆ, ಉಕ್ಕಿನಲ್ಲಿ ‘ಅಚ್ಚು’ ಎಂದು ಕನ್ನಡದಲ್ಲಿ ಕೆತ್ತಿದರು. ಅಚ್ಚಿನಲ್ಲಿ ಅಕ್ಷರವನ್ನು ತಿರುಗುಮುರುಗು ಕೆತ್ತಬೇಕು. ಹಾಗೆ ಕೆತ್ತಿದರೆ ಪ್ಲಾಸ್ಟಿಕ್ಕಿನ ಮೇಲೆ ಸರಿಯಾಗಿ ಉಬ್ಬಿ ಬರುತ್ತದೆ. ಮಗು ಆ ತಗ್ಗಿನಲ್ಲಿ ಬೆರಳಿಟ್ಟು ಎಳೆದು, “ಅಪ್ಪ, ಇದು ಅ ಅಲ್ಲ, ತಪ್ಪಾಗಿದೆ” ಎಂದಿತು. “ಕಾರು ಬರಲಿ ಮಗಾ, ಆಗ ಸರಿಯಾಗುತ್ತದೆ” ಎಂದರು ಇವರು. ಮನೆಗೆ ಬಂದ ಮೇಲೆ ಮಗು ತಾನು ಬೆರಳಿಟ್ಟ ಕತೆಯನ್ನು ಅಮ್ಮನಿಗೂ ಹೇಳಿತು. ಕಾರು ಬರುವ ಎರಡು ತಿಂಗಳ ಮೊದಲೇ ಮೆದುಳುಜ್ವರ ಬಂತು. ಮೂರೇ ದಿನ. ತನ್ನ ಹೆಸರನ್ನು ಕಾರಿನ ಮೇಲೆ ಸರಿಯಾಗಿ ನೋಡುವ ಯೋಗ ಆ ಮಗುವಿಗೆ ಇರಲಿಲ್ಲ.

ಮಣ್ಣು ಮಾಡಿ ಬಂದ ದಿನ ಸುಮಿತ್ರ ಗೋಡೆಯ ಕಡೆ ಮುಖ ಮಾಡಿ ಕೂತು ಹೇಳಿದರು: “ಇನ್ನು ಆ ಹೆಸರು ಎತ್ತಬೇಡಿ. ನನ್ನ ಕೈಯಲ್ಲಿ ತಡೆಯಲಿಕ್ಕೆ ಆಗುವುದಿಲ್ಲ.”

ಎತ್ತಬೇಡಿ ಎಂದರು, ಇವರು ಎತ್ತಲಿಲ್ಲ. ಎಂಥ ವಿಧೇಯತೆ ನೋಡಿ! ಕಾರು ಪೇಟೆಗೆ ಬಂದಾಗ ಒಂದೇ ಒಂದು ಪೆಟ್ಟಿಗೆಯನ್ನೂ ಮನೆಗೆ ತರಲಿಲ್ಲ. ಎರಡು ವರ್ಷದ ನಂತರ ಅಜಿತ ಹುಟ್ಟಿದ. ತನಗೊಬ್ಬಳು ಅಕ್ಕ ಇದ್ದು ತೀರಿಕೊಂಡಳು ಎಂದಷ್ಟೇ ಅವನಿಗೆ ಗೊತ್ತಾಯಿತು, ಅದೂ ಊರಿಗೆ ಹೋದಾಗ ಯಾರೋ ಹೇಳಿ. ಅವಳನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದರು ಎಂದು ಅವನು ಕೇಳಲಿಲ್ಲ, ಇವರು ಹೇಳಲಿಲ್ಲ.

ಈಗ ಸುಮಿತ್ರರಿಗೆ ಗ್ಲಾಕೋಮಾ. ಎಡಗಣ್ಣು ಪೂರ್ತಿ ಹೋಗಿ, ಬಲಗಣ್ಣಿನಲ್ಲಿ ನೆರಳು ಮಾತ್ರ ಉಳಿದಿತ್ತು. ಕೊಚ್ಚಿಯ ಆಸ್ಪತ್ರೆಗೆ ಪದೇ ಪದೇ ಹೋಗಬೇಕಾದ್ದರಿಂದ ಇಬ್ಬರೂ ವೈಟ್ಟಿಲದಲ್ಲಿ ಅಜಿತನ ಫ್ಲಾಟಿನಲ್ಲೇ ಇದ್ದರು. ಮಗುವಿನದೆಂದು ಇದ್ದ ಒಂದೇ ಫೋಟೋವನ್ನೂ ಸುಮಿತ್ರ ಇನ್ನು ನೋಡುವ ಹಾಗಿರಲಿಲ್ಲ. ಆದರೆ ಬೆರಳಿಗೆ ಕಣ್ಣಿನ ಹಂಗು ಬೇಡವಲ್ಲ! ಮಗಳ ಬೆರಳು ಓಡಾಡಿದ ತಗ್ಗಿನಿಂದಲೇ ಉಬ್ಬಿ ಬರುವ ಅಕ್ಷರ. ಅದರ ಮೇಲೆ ತಾಯಿಯ ಬೆರಳನ್ನು ಇಡಿಸಬೇಕು. ಮಾತಿನಲ್ಲಿ ಎತ್ತಲಾಗದ ಹೆಸರನ್ನು ಸುಮಿತ್ರರ ಕೈಗೆ ಕೊಡಬೇಕು. ಕೃಷ್ಣಾನಂದರಿಗೆ ಇದ್ದ ಆಸೆ ಇದೊಂದೇ.

ಕರಾರುಪತ್ರ ಬರೆಯಲು ಕೂತವನು ಅಜಿತ. ಹೈಕೋರ್ಟಿನ ವಕೀಲ, ಮನೆಯಲ್ಲೇ ಒಬ್ಬ ವಕೀಲನಿರುವಾಗ ಹೊರಗಿನವನೇಕೆ? ಅಪ್ಪ ಕನ್ನಡದಲ್ಲಿ ಹೇಳಿದ್ದೆಲ್ಲ ಅವನಿಗೆ ತಿಳಿಯುತ್ತಿತ್ತು; ಓದಲು, ಬರೆಯಲು ಬಾರದು, ಉತ್ತರ ಕೊಡುವುದು ಮಲಯಾಳದಲ್ಲಿ. ಹಾಲ್‌ನಲ್ಲಿ ಸುಮಿತ್ರ ರೇಡಿಯೋ ಹಚ್ಚಿಕೊಂಡು ಕೂತಿದ್ದರು. ಅವರಿಗೆ ಕೇಳಿಸಬಾರದೆಂದು ಕೃಷ್ಣಾನಂದರು ಕುರ್ಚಿಯನ್ನು ಮಗನ ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿದರು.

“ಬಾಕಿ ಎಂಥದು ಬೇಕಾದರೂ ಬರಿ. ನನ್ನದು ಒಂದೇ ಷರತ್ತು ಉಂಟು.”

“ಎಂತಾ ಅಪ್ಪ?”

“ಅಚ್ಚು ತೆಗೆಯಲಿಕ್ಕಿಲ್ಲ. ಈಗ ಎಲ್ಲಿ ಉಂಟೋ ಅಲ್ಲೇ ಇರಬೇಕು. ಯಾರೂ ತೆಗೆಯಲಿಕ್ಕಿಲ್ಲ.”

ಅಜಿತ ಪೆನ್ನು ನಿಲ್ಲಿಸಿ ಅಪ್ಪನನ್ನು ಮೆಚ್ಚುಗೆಯಿಂದ ನೋಡಿದ. ಅಚ್ಚನ್ನು ಹೊರದೇಶಕ್ಕೆ ಸಾಗಿಸಿ ನಕಲು ಹೊಡೆಯುವವರ ವಿಷಯ ಅವನು ಕೇಳಿದ್ದ. ಅಪ್ಪ ಇಷ್ಟು ಹುಷಾರೆಂದು ಗೊತ್ತಿರಲಿಲ್ಲ ಎಂದು ಮಲಯಾಳದಲ್ಲಿ ಹೇಳಿ, ಇಂಗ್ಲಿಷಿನಲ್ಲಿ ಏಳನೇ ಕಲಮು ಬರೆದ. ಕೃಷ್ಣಾನಂದರ ಕಣ್ಣು ತುಂಬಿತು. ಮಗನಿಗೆ ಎಲ್ಲ ಗೊತ್ತುಂಟು, ಹೇಗೋ ತಿಳಿದುಕೊಂಡಿದ್ದಾನೆ, ಕೇಳಿ ನೋಯಿಸುವುದು ಬೇಡವೆಂದು ಸುಮ್ಮನಿದ್ದಾನೆ ಎಂದೇ ಅವರು ತಿಳಿದರು. ಓದದೆ ಸಹಿ ಹಾಕಿದರು. ಹೆತ್ತ ಮಗ ಬರೆದದ್ದನ್ನು ಕನ್ನಡಕ ಹಾಕಿ ತಪಾಸಣೆ ಮಾಡುವುದು ಮರ್ಯಾದೆಯಲ್ಲವಂತೆ.

“ಎಂಥ ಗುಸುಗುಸು ಅಪ್ಪ ಮಗಂದು?” ಎಂದು ಹಾಲ್‌ನಿಂದ ಸುಮಿತ್ರ ಕೇಳಿದರು.

“ಏನಿಲ್ಲ. ಕಾಗದದ ವಿಷಯ,” ಎಂದರು ಇವರು.

ಒಂದು ತಿಂಗಳ ನಂತರ ಅಭಿರಾಮನ ಫೋನು ಬಂತು. ಕರಾರಿನಲ್ಲಿ ಹೇಳಿದಂತೆಯೇ ನಡೆದುಕೊಂಡಿದ್ದೇವೆ, ಅಚ್ಚಿಗೆಂದೇ ಬೇರೆ ಕೋಣೆ ಮಾಡಿಸಿದ್ದೇವೆ, ಕಬ್ಬಿಣದ ಗ್ರಿಲ್ಲು ಹಾಕಿ ಬೀಗ ಜಡಿದಿದ್ದೇವೆ ಎಂದ. “ಅಚ್ಚ್ ಸೇಫಾಣ್ ಸಾರ್.”

ಅಚ್ಚು ಕ್ಷೇಮವಾಗಿದೆ. ಕೃಷ್ಣಾನಂದರು ಫೋನಿಟ್ಟು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತರು. ಆವತ್ತಾದರೂ ಹೆಂಡತಿಯ ಹತ್ತಿರ ಹೋಗಿ ಬಾಯಿ ಬಿಡಬಹುದಿತ್ತು. ಇಲ್ಲವೇ ಬಸ್ಸು ಹತ್ತಿದರೆ ಅರ್ಧ ಗಂಟೆಯಲ್ಲಿ ಎಡಪ್ಪಳ್ಳಿ, ಹೋಗಿ ಕಣ್ಣಾರೆ ನೋಡಬಹುದಿತ್ತು. ಎರಡನ್ನೂ ಮಾಡಲಿಲ್ಲ. ಮುಖ ಒರೆಸಿಕೊಂಡು ಬಂದು ಪೇಪರು ಓದಿದರು.

ಮೊದಲ ಪೆಟ್ಟಿಗೆಯನ್ನು ಅಜಿತನೇ ಒಂದು ಶನಿವಾರ ಬೆಳಿಗ್ಗೆ ತಂದ. ಮುಚ್ಚಳದ ಮೇಲೆ ಅದೇ ಹಳೆಯ ಚಿತ್ರ. ತುಂಡುಗಳೆಲ್ಲ ಪ್ಲಾಸ್ಟಿಕ್ ಕಡ್ಡಿಗೆ ಅಂಟಿಕೊಂಡಿದ್ದವು. ಕೃಷ್ಣಾನಂದರು ತಳದ ತುಂಡನ್ನು ಉಗುರು ಕತ್ತರಿಯಿಂದ ಬಿಡಿಸಿಕೊಂಡು ನೇರ ಸುಮಿತ್ರರ ಕುರ್ಚಿಯ ಬಳಿ ಹೋದರು. ತಾನು ತಿರುಗಿಸಿ ನೋಡಲೂ ಇಲ್ಲ. ಅವರು ನೋಡುತ್ತಿದ್ದದ್ದು ಹೆಂಡತಿಯ ಮುಖವನ್ನು.

“ಕೈ ಕೊಡು. ಇಲ್ಲಿ, ಈ ಚಕ್ರದ ಜಾಗ ಉಂಟಲ್ಲ, ಅದರ ನಡುವೆ ಬೆರಳಾಡಿಸು.”

ಸುಮಿತ್ರ ಬೆರಳಾಡಿಸಿದರು. ನಿಧಾನವಾಗಿ ಆಚೆಗೆ, ಮತ್ತೆ ಈಚೆಗೆ.

“ನುಣ್ಣಗೆ ಉಂಟು,” ಎಂದರು.

ಕೃಷ್ಣಾನಂದರು ಕನ್ನಡಕ ಹುಡುಕಿ ಹಾಕಿಕೊಂಡು ಬಗ್ಗಿದರು. ಮುಂದಿನ ಚಕ್ರಗಳ ನಡುವೆ ಒಂದು ಸಣ್ಣ ಚೌಕ ಉಬ್ಬಿಕೊಂಡಿತ್ತು. ಖಾಲಿ ಚೌಕ. ನಕ್ಷೆ ಬರೆದು, ಉಕ್ಕು ಕೆತ್ತಿದ ಮನುಷ್ಯನಿಗೆ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಅಚ್ಚಿನಲ್ಲಿ ಕೆತ್ತಿದ ಅಕ್ಷರವನ್ನು ಅಳಿಸಬೇಕಾದರೆ, ಅಕ್ಷರವಿದ್ದ ಜಾಗವನ್ನೇ ಅದಕ್ಕಿಂತ ಆಳವಾಗಿ ಚೌಕಾಕಾರಕ್ಕೆ ಕೊರೆದು ತೆಗೆಯುತ್ತಾರೆ. ಒಮ್ಮೆ ಕೊರೆದ ಉಕ್ಕು ಮರಳಿ ಬರುವುದಿಲ್ಲ.

“ತೆಗೆದಿದ್ದಾರೆ,” ಎಂದರು ಅವರು. ಆಮೇಲೆ ಮಗನ ಕಡೆ ತಿರುಗಿ, ಅಜಿತ ಹುಟ್ಟಿದ ಮೇಲೆ ಎಂದೂ ಕೇಳದ ದನಿಯಲ್ಲಿ, “ತೆಗೆಯಲಿಕ್ಕಿಲ್ಲ ಅಂತ ಹೇಳಿದ್ದೆನಲ್ಲ ನಿನಗೆ! ಬರೆದುಕೊಂಡೆಯಲ್ಲ ನೀನು!”

ಅಜಿತ ಗಾಬರಿಯಾಗಿ ಒಳಗಿನಿಂದ ಕರಾರುಪತ್ರ ತಂದ. ಏಳನೇ ಕಲಮು ತೆಗೆದು ತೋರಿಸಿದ. ಅಚ್ಚನ್ನು ಯಾವ ಕಾರಣಕ್ಕೂ ಕಾರ್ಖಾನೆಯ ಆವರಣದಿಂದ ಹೊರಕ್ಕೆ ತೆಗೆಯತಕ್ಕದ್ದಲ್ಲ. ತೆಗೆದಿಲ್ಲವಲ್ಲ ಅಪ್ಪ, ಬೀಗ ಹಾಕಿ ಇಟ್ಟಿದ್ದಾರಲ್ಲ ಎಂದ. ಅಭಿರಾಮನಿಗೂ ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಇಟ್ಟ. ಅಭಿರಾಮ ಪಾಪ, ನಿಜವನ್ನೇ ಹೇಳಿದ. ಅಡಿಯಲ್ಲಿ ಏನೋ ಗೀಚಿದ ಹಾಗಿತ್ತು, ಕನ್ನಡವೋ ತೆಲುಗೋ ನಮಗೆ ತಿಳಿಯಲಿಲ್ಲ, ಹೊರದೇಶದ ಗಿರಾಕಿ ಇದು ದೋಷವೇ ಎಂದು ಕೇಳಿದ, ಅದಕ್ಕೇ ಕೊರೆಸಿ ಚೊಕ್ಕ ಮಾಡಿದೆವು. ಒಂದು ಮಾತು ಹೇಳಿದ್ದರೆ ಮುಟ್ಟುತ್ತಿರಲಿಲ್ಲ ಸಾರ್. ಬೇಕಿದ್ದರೆ ಮುಂದಿನ ಸಲ ಆ ಚೌಕದಲ್ಲಿ ಕಂಪ್ಯೂಟರಿನಿಂದ ಚಂದವಾಗಿ ಹಾಕಿಸುತ್ತೇನೆ, ಸ್ಪೆಲ್ಲಿಂಗ್ ಮೆಸೇಜು ಮಾಡಿ.

ಅಜಿತ ಫೋನು ಕಟ್ ಮಾಡಿದ. “ಅಪ್ಪ, ಅಚ್ಚು ಅಂದರೆ ಮೋಲ್ಡ್ ಅಲ್ಲವಾ?” ಎಂದು ಕೇಳಿದ. ಎಷ್ಟೋ ವರ್ಷಗಳ ಮೇಲೆ ಅವನ ಬಾಯಿಂದ ಬಂದ ಕನ್ನಡ ಅದು.

ಕೃಷ್ಣಾನಂದರು ಕನ್ನಡಕ ತೆಗೆದು ಒರೆಸತೊಡಗಿದರು.

“ನಿನ್ನ ಅಕ್ಕ,” ಎಂದರು ಸುಮಿತ್ರ.

ಅಜಿತ ಕಾಗದವನ್ನು ಮೇಜಿನ ಮೇಲಿಟ್ಟು ಕೂತುಬಿಟ್ಟ. ಸುಮಿತ್ರರ ಹೆಬ್ಬೆರಳು ಇನ್ನೂ ಆ ತುಂಡಿನ ಮೇಲೆಯೇ ಇತ್ತು. ಚೌಕದ ನಾಲ್ಕು ಅಂಚನ್ನೂ ಸುತ್ತಿ ನಡುವಿನ ನುಣುಪಿಗೆ ಬಂದು ನಿಲ್ಲುತ್ತಿತ್ತು.

“ಅವಳು ಬೆರಳಿಟ್ಟದ್ದಾ ಇಲ್ಲಿ?”

“ಹೌದು. ತಪ್ಪಾಗಿದೆ ಅಂತ ಹೇಳಿದ್ದಳು,” ಎಂದರು ಕೃಷ್ಣಾನಂದರು. “ನಿನಗೆ ತೋರಿಸುವ ಅಂತ ಇದ್ದೆ. ನೀನು ಎತ್ತಬೇಡಿ ಅಂದಿದ್ದಿ ಅಲ್ಲವಾ, ಅದಕ್ಕೆ…”

“ಆ ದಿನವೇ ನನಗೆ ಕೇಳಿಸಿತ್ತು,” ಎಂದರು ಸುಮಿತ್ರ. ದನಿ ಏರಿಸಲಿಲ್ಲ. “ಗುಸುಗುಸು ಮಾಡಿದ್ದು. ಹೋದದ್ದು ನನ್ನ ಕಣ್ಣು, ಕಿವಿಯಲ್ಲ. ನಿಮ್ಮ ಬಾಯಲ್ಲಿ ಅವಳ ಹೆಸರು ಬಂತು. ಅವಳದೇ ಮಾತು ಅಂತ ನನಗೆ ಆಗಲೇ ಗೊತ್ತಾಯಿತು, ನನ್ನ ಹತ್ತಿರ ಬಂದು ಹೇಳುತ್ತೀರಿ ಅಂತ ಕೂತೇ ಇದ್ದೆ. ಏನಿಲ್ಲ, ಕಾಗದದ ವಿಷಯ ಅಂದಿರಿ.”

ಇವರನ್ನು ಬಿಟ್ಟರೆ ಆ ಮನೆಯಲ್ಲಿ ಆ ಮಾತಿನ ಅರ್ಥ ತಿಳಿದಿದ್ದವರು ಅವರೊಬ್ಬರೇ. ಅವರಿಗೇ ಕೇಳಿಸಬಾರದೆಂದು ಇವರು ಕುರ್ಚಿ ಎಳೆದುಕೊಂಡದ್ದು.

“ನೀನೇ ಹೇಳಿದ್ದಲ್ಲವಾ ಸುಮಿತ್ರ, ಎತ್ತಬೇಡಿ ಅಂತ.”

“ಹೇಳಿದ್ದೆ. ಮಣ್ಣು ಮಾಡಿ ಬಂದ ದಿನ ಹೇಳಿದ್ದು, ಆ ದಿನಕ್ಕೆ ಹೇಳಿದ್ದು.” ಅವರು ಆ ತುಂಡನ್ನು ಗಂಡನ ಕಡೆಗೆ ಚಾಚಿದರು. “ಮೂವತ್ತೆರಡು ವರ್ಷಕ್ಕೆ ಹೇಳಿದ್ದೆನಾ?”

ಕೃಷ್ಣಾನಂದರು ತುಂಡನ್ನು ತೆಗೆದುಕೊಂಡರು. ಆ ಖಾಲಿ ಚೌಕದ ಮೇಲೆ ತಮ್ಮ ಬೆರಳಿಟ್ಟರು.